ಮೇಲಿನ ಮನೆ ಕಾಕಾ ಎತ್ತಿದ ಕೈ

ಹೋದ ವಾರ ಹಿಮಾಯತ್‌ನಗರದಲ್ಲಿ ನಾನು ಕೂತಿದ್ದ ಸಿಟಿ ಬಸ್ಸು, ಅಡ್ಡ ಬಂದ ಆಟೋವನ್ನು ತಪ್ಪಿಸಲು ಗಕ್ಕನೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುಟ್ಟ ಬ್ರೇಕಿನ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಎರಡೂ ಕೈ ತಾವಾಗಿ ಕಿವಿ ಮುಚ್ಚಿಕೊಂಡವು. ಪಕ್ಕದ ಹೆಂಗಸು ಏನಾಯಿತೆಂದು ತೆಲುಗಿನಲ್ಲಿ ಕೇಳಿದಳು. ಏನಿಲ್ಲ ಎಂದೆ. ಆ ಘಾಟಿನ ಬೆನ್ನಿಗೇ ಒಂದು ಸ್ಫೋಟ ಬರುತ್ತದೆಂದು ನನ್ನ ಮೈ ಇಂದಿಗೂ ಕಾಯುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ...

ಆಗ ನಾವು ನಾರಾಯಣಗೂಡದಲ್ಲಿ ಬಾಡಿಗೆಗಿದ್ದೆವು. ಊರ ನಡುವಿನ ಹಳೆಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ವಿಮಾನ ಹತ್ತಿಸುವುದು ನನ್ನ ಕೆಲಸ. ನಮ್ಮ ಮೇಲಿನ ಮನೆಯಲ್ಲಿದ್ದ ಕಾಕಾ ಅದೇ ಕಂಪನಿಯಲ್ಲಿ ಮೆಕ್ಯಾನಿಕ್. ನಮ್ಮ ಹಾಗೆ ಅವರೂ ಬಾಗಲಕೋಟೆ ಕಡೆಯವರು. ರಕ್ತಸಂಬಂಧವಿಲ್ಲದಿದ್ದರೂ ಕಾಕಾ ಎಂದೇ ಕರೆಯುತ್ತಿದ್ದೆ. ವಿಮಾನವೊಂದು ಇಳಿದು ಮತ್ತೆ ಹಾರುವುದರೊಳಗೆ ಅದರ ಚಕ್ರಗಳ ನಡುವೆ ಬಗ್ಗಿ, ಬ್ರೇಕು ಎಷ್ಟು ಸವೆದಿದೆ, ಎಷ್ಟು ಕಾದಿದೆ, ಎಣ್ಣೆ ಸೋರುತ್ತಿದೆಯೇ ಎಂದು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಹೋಗಲು ಬಿಡುವುದು ಅವರ ಕೆಲಸ.

ಓಣಿಯಲ್ಲಿ ಅವರೆಂದರೆ ಎಲ್ಲರಿಗೂ ಹೆದರಿಕೆ. ಸ್ಕೂಟರಿಗೆ ಅಡ್ಡ ಬಂದನೆಂದು ತರಕಾರಿ ಬಂಡಿಯವನನ್ನು ಬಾಯಲ್ಲಿ ರಕ್ತ ಬರುವ ಹಾಗೆ ಹೊಡೆದದ್ದನ್ನು ನಾನೇ ಕಂಡಿದ್ದೆ. ಮನೆಯೊಳಗಿನದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ನಮ್ಮ ಅಡುಗೆಮನೆಯ ಮೇಲೆ ಮೊದಲು ಪಾತ್ರೆ ಬಿದ್ದ ಸದ್ದು, ಆಮೇಲೆ ಏನೋ ಮೆತ್ತಗಿನದು ಗೋಡೆಗೆ ಅಪ್ಪಳಿಸಿದ ಸದ್ದು, ಆಮೇಲೆ ಏನೂ ಇಲ್ಲ. ನಮ್ಮವ್ವ ರೇಡಿಯೋ ಜೋರು ಮಾಡುತ್ತಿದ್ದಳು. ಮರುದಿನ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಊದಿದ ತುಟಿಯಲ್ಲಿ ನೀರು ತುಂಬಲು ಕೆಳಗಿಳಿದು ಬಂದು "ಕದಾ ಬಡೀತರಿ" ಎನ್ನುತ್ತಿದ್ದರು. ಯಾರೂ ಮುಂದೆ ಕೇಳುತ್ತಿರಲಿಲ್ಲ.

ಅದೊಂದು ಬೇಸಿಗೆ. ಬೆಳಿಗ್ಗೆ ವಿಶಾಖಪಟ್ಟಣಕ್ಕೆ ಹೊರಡಬೇಕಿದ್ದ ವಿಮಾನ ಬೊಂಬಾಯಿಯಿಂದ ಬರುವಾಗಲೇ ಮಧ್ಯಾಹ್ನ ಕಳೆದಿತ್ತು. ಇಳಿದು ಓಡುತ್ತಿದ್ದಾಗ ನಾಯಿಯೊಂದು ಅಡ್ಡ ಬಂದು ಪೈಲಟ್ ಪೂರ್ತಿ ಬ್ರೇಕ್ ಹಾಕಿದ್ದರು. ನಮಗಿನ್ನೂ ಅದು ಗೊತ್ತಿರಲಿಲ್ಲ. ವಿಮಾನದವರೆಗೆ ಪ್ರಯಾಣಿಕರನ್ನು ನಡೆಸಿಕೊಂಡೇ ಹೋಗುತ್ತಿದ್ದ ಕಾಲ ಅದು. ಅರ್ಧ ದಾರಿಯಲ್ಲಿದ್ದಾಗ ಕಾಕಾ ರೆಕ್ಕೆಯ ಕೆಳಗಿನಿಂದ ಓಡಿಬಂದರು.

"ಅಲ್ಲೇ ನಿಲ್ಲಸವಾ! ಬ್ರೇಕು ಕಾದು ಕೆಂಡ ಆಗ್ಯಾವ. ಎಲ್ಲಾರನ್ನೂ ಹೊಳ್ಳಿ ಒಳಗ ಕರಕೊಂಡು ಹೋಗು!"

ನಾನು ತೆಲುಗಿನಲ್ಲೂ ಹಿಂದಿಯಲ್ಲೂ ಕೂಗಿ ಹೇಳಿದೆ. ಯಾರೂ ತಿರುಗಲಿಲ್ಲ. ಬೆಳಗಿನಿಂದ ಕಾದು, ಹಸಿದು, ಕಾಂಕ್ರೀಟಿನ ಉರಿಯಲ್ಲಿ ನಿಂತ ಜನ. ಬಿಳಿ ಸಫಾರಿ ತೊಟ್ಟ ದಪ್ಪ ಆಸಾಮಿಯೊಬ್ಬ "ಎಲ್ಲಿದೆ ಬೆಂಕಿ, ನಾನೂ ನೋಡುತ್ತೇನೆ" ಎನ್ನುತ್ತ ನನ್ನನ್ನು ತಳ್ಳಿದ. ನಾನು ಬಿದ್ದು ಅಂಗೈ ತರಚಿತು. ಅವನ ಹಿಂದೆ ಇನ್ನೂ ಕೆಲವರು ನುಗ್ಗಿದರು. ಕಾದ ಚಕ್ರ ಒಡೆದರೆ ಚೂರುಗಳು ಸಿಡಿಯುವುದು ಪಕ್ಕಕ್ಕೆ. ಅವರು ಹೊರಟದ್ದೂ ನೇರ ಅಲ್ಲಿಗೇ. ಸುಟ್ಟ ಬ್ರೇಕಿನ ಘಾಟು ನನ್ನವರೆಗೂ ಬರುತ್ತಿತ್ತು.

ಕಾಕಾ ಎರಡೂ ತೋಳು ಚಾಚಿ ಅಡ್ಡ ನಿಂತರು. "ದಗ್ಗರಿಕಿ ರಾವದ್ದು!" ಹತ್ತಿರ ಬರಬೇಡಿ ಎಂದು ಗಂಟಲು ಹರಿಯುವಂತೆ ಕೂಗಿದರು. ಸಫಾರಿಯವನು ಅವರ ಕೆನ್ನೆಗೆ ಬಾರಿಸಿದ. ಇನ್ನೊಬ್ಬ ಕುತ್ತಿಗೆಪಟ್ಟಿ ಹಿಡಿದು ಜಗ್ಗಿದ. ಮತ್ತೊಬ್ಬನ ಸೂಟ್‌ಕೇಸು ಅವರ ಬೆನ್ನ ಮೇಲೆ ಬಿತ್ತು.

ಆಗ ಆ ಕೈ ಮೇಲೆದ್ದಿತು. ಇಷ್ಟು ವರ್ಷ ಸೂರಿನಾಚೆ ಕೇಳಿಸಿಕೊಂಡದ್ದನ್ನು ಅವತ್ತು ಕಣ್ಣಾರೆ ಕಂಡೆ. ಒಂದೇ ಗುದ್ದಿಗೆ ಸಫಾರಿಯವನ ಮೂಗು ಲಟಕ್ಕೆಂದು ಮುರಿಯಿತು. ಬಿಳಿ ಬಟ್ಟೆಯ ಮೇಲೆ ರಕ್ತ ಇಳಿಯಿತು. ಕುಸಿದವನ ಕಾಲರು ಹಿಡಿದು, ನೆಲದ ಮೇಲೆ ಮೂಟೆಯಂತೆ ಎಳೆಯುತ್ತ ವಿಮಾನದ ಮೂತಿಯ ಕಡೆಗೆ ಒಯ್ದು ಒಗೆದರು. ಉಳಿದವರು ಕೂಗುತ್ತ ಹಿಂದಕ್ಕೆ ಓಡಿದರು. ಮುದುಕರೊಬ್ಬರು ಮಾತ್ರ ಚಕ್ರದ ಪಕ್ಕದಲ್ಲೇ ದಿಗಿಲು ಹಿಡಿದು ನಿಂತಿದ್ದರು. ಕಾಕಾ ಮರಳಿ ಹೋದರು. ಮುದುಕರ ಎದೆಗೆ ಕೈಯಿಟ್ಟು ದೂರಕ್ಕೆ ನೂಕಿದರು...

ಅದನ್ನು ಸದ್ದು ಎನ್ನಲಾರೆ. ಎದೆಗೆ ಯಾರೋ ಒದ್ದ ಹಾಗಾಯಿತು. ಕಿವಿ ಸತ್ತವು. ಧೂಳು ಇಳಿದಾಗ ಕಾಕಾ ಮಗ್ಗುಲಾಗಿ ಬಿದ್ದಿದ್ದರು. ಚಕ್ರದ ಲೋಹದ ಚೂರೊಂದು ಸೊಂಟದ ಕೆಳಗೆ ಹೊಕ್ಕಿತ್ತು. ಹರಿದ ಬಟ್ಟೆಯೊಳಗೆ ಎಲುಬು ಬೆಳ್ಳಗೆ ಕಾಣುತ್ತಿತ್ತು. ಅವರ ಬಾಯಿ ಆಡುತ್ತಿತ್ತು, ನನಗೆ ಏನೂ ಕೇಳಿಸಲಿಲ್ಲ.

ಜೀವ ಉಳಿಯಿತು, ಕಾಲು ಹೋಯಿತು. ಪ್ರಯಾಣಿಕನ ಮೇಲೆ ಕೈ ಮಾಡಿದ್ದಕ್ಕೆ ವಿಚಾರಣೆ ಎಂದರು. ಮೂಗು ಮುರಿದವನು ದೂರನ್ನೇ ಕೊಡದಿದ್ದರಿಂದ ಅದು ಅಲ್ಲಿಗೇ ನಿಂತಿತು. ಕಾಕಾ ಆಸ್ಪತ್ರೆಯಿಂದ ಬಂದ ಮೇಲೆ ಆ ಮನುಷ್ಯ ಸೊಟ್ಟಗಾದ ಮೂಗಿನೊಂದಿಗೇ ನಾರಾಯಣಗೂಡಕ್ಕೆ ಹಣ್ಣು ಹಿಡಿದು ಬಂದ. ಮಂಚದ ಬಳಿ ನೆಲಕ್ಕೆ ಕೂತು, ಕಾಕಾ ಅವರ ಬಲಗೈಯನ್ನು ಕಣ್ಣಿಗೆ ಒತ್ತಿಕೊಂಡ. ಇದು ದೇವರ ಕೈ ಎಂದು ತೆಲುಗಿನಲ್ಲಿ ಹೇಳಿ ಬಿಕ್ಕಿದ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಕಾಕು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

"ಕೇಳಿದೇನು?" ಎಂದರು ಕಾಕು. "ಆ ಕೈಗೆ ನಮಸ್ಕಾರ ಮಾಡಾಕತ್ತಾನ. ನಾ ನಿಂತು ನೋಡಾಕತ್ತೀನಿ. ನಾ ಏನ ಅನ್ನಲಿ, ನೀನ ಹೇಳು."

ನಾನು ಚಹಾವನ್ನು ಅವರ ಕೈಯಿಂದ ಇಸಿದುಕೊಂಡು ಹೊರಗೆ ಒಯ್ದು ಆ ಮನುಷ್ಯನಿಗೆ ಕೊಟ್ಟೆ.

ಕಾಕಾ ಬದಲಾಗಲಿಲ್ಲ. ಮಂಚದಿಂದಲೇ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು, ಊರುಗೋಲನ್ನೂ. ಕಾಕು ತಾಟನ್ನು ನೆಲದ ಮೇಲೆ ಸರಿಸಿ ದೂರ ನಿಲ್ಲುವುದನ್ನು ಕಲಿತರು. ಹಾಗೇ ವರ್ಷಗಳು ಹೋದವು. ಒಂದು ಬೆಳಿಗ್ಗೆ ಕಾಕಾ ಏಳಲಿಲ್ಲ.

ಕಾಕು ಈಗ ಸಿಕಂದರಾಬಾದಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋದ ವಾರ ಬಸ್ಸು ಗಕ್ಕನೆ ನಿಂತ ದಿನ ನಾನು ನನ್ನ ಸ್ಟಾಪಿನಲ್ಲಿ ಇಳಿಯದೆ ಅಲ್ಲಿಗೇ ಹೋದೆ. ಘಾಟಿನ ಸಂಗತಿ ಹೇಳಿದೆ.

"ಈಗೂ ಕದಾ ಬಡದ್ರ ಎದಿ ಝಲ್ ಅಂತೈತಿ. ಈಗೂ ಹಬ್ಬದಾಗ ಅವರ ತಾಟು ಹಾಕಬೇಕು ಅನಸ್ತೈತಿ" ಎಂದರು. ಆಮೇಲೆ ಕೇಳಿದರು, "ಆ ಮೂಗು ಮುರಕೊಂಡಾಂವ ಇನ್ನೂ ಅದಾನೇನು?"

"ಗೊತ್ತಿಲ್ಲರಿ ಕಾಕು."

"ಇರಲಿ, ಛಲೋ ಇರಲಿ. ಆದ್ರ ಅವನ್ನ ನೆನಸಿದ್ರ ನನಗ ಭಾಳ ಹೊಟ್ಟಿಕಿಚ್ಚು ಆಗತೈತಿ" ಎಂದರು ಕಾಕು. "ಅವಗ ಬಿದ್ದದ್ದು ಒಂದ ಏಟು. ಅದು ಯಾಕ ಬಿತ್ತು ಅಂತ ಅವಗ ಗೊತ್ತಾತು."