ತಾತನ ಪಂಚೆಯಲ್ಲಿ ಮೂಡಿದ ಬಂಡೂರು ಕುರಿ

ಟಿಕ್, ಟಿಕ್, ಟಿಕ್. ಆ ಕಾಲದ ಮಂಡ್ಯ ಪೇಟೆ ಬೀದಿ ಎಂದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ಪಾತ್ರೆ ಅಂಗಡಿಯ ಜಗಲಿಯಲ್ಲಿ ಬಾಷಾ ಸಾಬರು ಚಿಕ್ಕ ಉಳಿ ಹಿಡಿದು ಹಿತ್ತಾಳೆ ಬಿಂದಿಗೆಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಸ್ಕೂಲು ಬಿಟ್ಟೊಡನೆ ನಾನು ಟೈ ಬಿಚ್ಚಿ ಬ್ಯಾಗಿಗೆ ತುರುಕಿ ಅವರ ಪಕ್ಕ ಕುಕ್ಕರಿಸುತ್ತಿದ್ದೆ.

ಆಗ ನಾನು ಏಳನೇ ಕ್ಲಾಸು. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು ಮಂಗಳೂರು ಕಡೆಯ ಸಿಸ್ಟರ್ ಆಗ್ನೆಸ್. ಒಂದು ದಿನ ಹಳೇ ಪುಸ್ತಕದಲ್ಲಿ ಎನ್‌ಗ್ರೇವಿಂಗ್ ಚಿತ್ರಗಳನ್ನು ತೋರಿಸಿದರು. ತಗಡಿನಲ್ಲಿ ಗೀರು, ಗೀರಿನಲ್ಲಿ ಮಸಿ, ಮಸಿಯಿಂದ ಚಿತ್ರ!

"ಸಿಸ್ಟರ್, ನಮ್ಮ ಬಾಷಾ ಸಾಬರೂ ಹೀಗೇ ಕೊರೀತಾರೆ!" ಎಂದು ಕೂಗಿಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. ಸಂಜೆ ನನ್ನ ಜೊತೆ ಪೇಟೆಗೇ ಬಂದರು.

ಸಾಬರು ನಾಚುತ್ತಾ ಗಲ್ಲಾದ ಅಡಿಯಿಂದ ಅಂಗೈಯಗಲದ ಹಿತ್ತಾಳೆ ತಗಡು ತೆಗೆದರು. ಬಿಡುವಿನಲ್ಲಿ ತಮಗಾಗಿ ಕೊರೆದದ್ದು: ಒಂದು ಬಂಡೂರು ಕುರಿ. ಗಿಡ್ಡ ಕಾಲು, ಗುಂಡು ಮೈ, ಒಂದೊಂದು ಉಣ್ಣೆಯ ಸುರುಳಿಯೂ ಬೇರೆ ಬೇರೆ.

"ಮೈ ಗಾಡ್!" ಎಂದರು ಸಿಸ್ಟರ್. "ಇದನ್ನು ಕಾಗದಕ್ಕೆ ಇಳಿಸಲೇಬೇಕು. ಆದರೆ ಬರುವ ಭಾನುವಾರ ನನಗೆ ಟ್ರಾನ್ಸ್‌ಫರ್. ಶನಿವಾರದೊಳಗೆ ಆದರೆ ಆಯಿತು."

ಎಂಥ ಎಕ್ಸೈಟ್‌ಮೆಂಟ್! ಅಚ್ಚು ತೆಗೆಯುವುದು ಗೊತ್ತಿದ್ದವರು ಊರಿನಲ್ಲಿ ಸಿಸ್ಟರ್ ಒಬ್ಬರೇ. ಅವರು ಕಾನ್ವೆಂಟಿಗೆ ಹೊರಟ ಮೇಲೆ ನಾನು ಸಾಬರ ಕಿವಿಯಲ್ಲಿ, "ಕೆಳಗೆ ನಿಮ್ಮ ಹೆಸರೂ ಹಾಕಿ," ಎಂದೆ.

"ನಲವತ್ತು ವರ್ಸ ಊರೋರ ಎಸ್ರು ಕೊರ್ದಿವ್ನಿ ಬೇಟಿ. ನನ್ದು ಒಂದು ಲೋಟದ್ ಮ್ಯಾಲೂ ಇಲ್ಲ," ಎಂದು ನಕ್ಕರು. ಆದರೆ ಉಳಿ ಎತ್ತಿಕೊಂಡರು.

ತೊಡಕಾದದ್ದು ಕಾಗದ. ಅಚ್ಚಿಗೆ ಹಾಳೆ ನೆನೆದಿರಬೇಕಂತೆ. ನನ್ನ ಡ್ರಾಯಿಂಗ್ ಶೀಟು ಒದ್ದೆ ಮಾಡಿದರೆ ನೆನೆದ ಬ್ರೆಡ್ಡಿನಂತೆ ಕೈಗೇ ಬಂತು. ಸಿಸ್ಟರ್ ಲಂಚ್ ಮರೆತು ಕಥೆ ಹೇಳಿದರು. ಕಾಗದ ಹುಟ್ಟಿದ್ದು ಚೀನಾದಲ್ಲಂತೆ. ಅರಬರ ಕೈ ದಾಟಿ ಯೂರೋಪಿಗೆ ಹೋಯಿತಂತೆ. ಅಲ್ಲಿ ಹಳೇ ಚಿಂದಿ ಬಟ್ಟೆ ಕುಟ್ಟಿ ಹಾಳೆ ಮಾಡುತ್ತಿದ್ದರು. ಆ ಹಾಳೆ ನೆನೆದರೂ ಹರಿಯದು, ಮೆತ್ತಗಾಗಿ ಗೀರಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಮರದ ತಿರುಳಿನ ಅಗ್ಗದ ಕಾಗದ ಬಂದದ್ದು ಎಷ್ಟೋ ಕಾಲದ ಮೇಲೆ. ಅದು ಹಳದಿಯಾಗಿ ಮುರಿಯುತ್ತದೆ.

ನಾನೋ ಮಂಡ್ಯದ ಹುಡುಗಿ! ಬಟ್ಟೆ ಯಾಕೆ, ಕಬ್ಬಿನ ಸಿಪ್ಪೆ ಇದೆಯಲ್ಲ ಎಂದುಕೊಂಡೆ. ಆಲೆಮನೆಯಿಂದ ತಂದು, ಅವಸರದಲ್ಲಿ ಸರಿಯಾಗಿ ತೊಳೆಯದೆ ಬೇಯಿಸಿ, ಕುಟ್ಟಿ, ಸೊಳ್ಳೆಪರದೆಯ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದೆ. ಬೆಳಿಗ್ಗೆ ನೋಡಿದರೆ ಹಾಳೆಗಳೆಲ್ಲ ಕರ್ರಗೆ ಹರಿದಾಡುತ್ತಿದ್ದವು.

"ಇರುವೆಗೆ ಊಟ ಆಕಿದ್ದೀಯೇನಮ್ಮಿ?" ಎಂದು ಅಜ್ಜಿ ಬಿದ್ದು ಬಿದ್ದು ನಕ್ಕಳು. ನಾನು ಅಳುತ್ತಾ ಎಲ್ಲ ಹೇಳಿದೆ. ಅಜ್ಜಿ ಟ್ರಂಕು ತೆಗೆದು, ತೀರಿಹೋದ ತಾತನ ಹತ್ತಿ ಪಂಚೆಯನ್ನು ಹೊರಗೆಳೆದಳು. ನುಸಿಗುಳಿಗೆಯ ವಾಸನೆ.

"ತಗಾ. ನಿಮ್ ತಾತ ಯಾವ ಕಾಗ್ದಕ್ಕೂ ಸೈನ್ ಆಕ್ದೋರಲ್ಲ, ಎಬ್ಬೆಟ್ಟೇಯ. ಈಗ ಅವರ ಪಂಚೇನೇ ಕಾಗ್ದ ಆಗ್ಲಿ ಬುಡು."

ಚೂರು ಮಾಡಿದೆವು, ಸೋಡಾ ಹಾಕಿ ಕುದಿಸಿದೆವು, ಅಜ್ಜಿ ಮೊಮ್ಮಗಳು ಸರದಿಯಲ್ಲಿ ಒರಳಲ್ಲಿ ರುಬ್ಬಿದೆವು. ಗಂಟುಕಟ್ಟಿದ್ದು, ಹರಿದದ್ದು ಬಿಟ್ಟರೆ ನೆಟ್ಟಗೆ ಬಂದದ್ದು ಒಂದೇ ಹಾಳೆ. ತೆಳ್ಳಗೆ, ಈರುಳ್ಳಿ ಪದರದ ಹಾಗೆ.

ಶನಿವಾರ ಸಂಜೆ ಕಾನ್ವೆಂಟಿನ ಬಟ್ಟೆ ಒಗೆಯುವ ಕೋಣೆ. ಚರ್ಚಿನ ಬಟ್ಟೆಗಳನ್ನು ಒತ್ತುವ ಎರಡು ಉರುಳೆಗಳ ಯಂತ್ರವೇ ನಮ್ಮ ಪ್ರೆಸ್ಸು. ಸಿಸ್ಟರ್ ತಗಡಿಗೆ ಮಸಿ ಬಳಿದು ಒರೆಸಿದರು, ನೆನೆಸಿದ ಹಾಳೆ ಇಟ್ಟರು, ಮೇಲೆ ಕಂಬಳಿ. ಸಾಬರು ಹಿಡಿ ತಿರುಗಿಸಿದರು.

ಹಾಳೆ ಎತ್ತಿದರೆ, ಕುರಿ! ಉಣ್ಣೆಯ ಒಂದು ಎಳೆಯೂ ತಪ್ಪಿರಲಿಲ್ಲ. ನಾನು ಕುಣಿದೆ. ಸಾಬರು ಮಾತ್ರ ಕುರಿಯ ಕೆಳಗೆ ನೋಡುತ್ತಿದ್ದರು. ಅವರ ಹೆಸರು ಉಲ್ಟಾ ಬಿದ್ದಿತ್ತು.

ಬಿಂದಿಗೆಯ ಮೇಲೆ ಕೊರೆದಂತೆ ನೆಟ್ಟಗೆ ಕೊರೆದಿದ್ದರು. ಅಚ್ಚಿಗೆ ತಿರುಗಿಸಿ ಕೊರೆಯಬೇಕೆಂದು ಅವರಿಗೆ ಹೇಗೆ ಗೊತ್ತು? ಹೆಸರು ಹಾಕಿ ಎಂದ ನನಗೂ ಗೊತ್ತಿರಲಿಲ್ಲ. ಮಸಿ ಬಳಿಯುವ ಅವಸರದಲ್ಲಿ ಸಿಸ್ಟರೂ ಗಮನಿಸಿರಲಿಲ್ಲ. ಇನ್ನೊಂದು ಹಾಳೆಯಿಲ್ಲ. ಬೆಳಿಗ್ಗೆ ಸಿಸ್ಟರ್ ಇರುವುದಿಲ್ಲ.

"ಜೀವ್ಮಾನಕ್ಕೊಂದ್ಸಲ ನನ್ನೆಸ್ರು ಕೊರ್ದೆ, ಅದೂ ಮಕಾಡೆ ಬಿತ್ತು," ಎಂದು ನಗಲು ನೋಡಿದರು. ನಗು ಬರಲಿಲ್ಲ.

ಸಿಸ್ಟರ್ ಹಾಳೆಯನ್ನು ಮೆಲ್ಲಗೆ ಎತ್ತಿ, ಹಿಂದುಮುಂದು ಮಾಡಿ, ಕಿಟಕಿಯ ಸಂಜೆಬಿಸಿಲಿಗೆ ಹಿಡಿದರು. "ಲುಕ್."

ತಾತನ ಪಂಚೆಯ ಎಳೆಗಳ ನಡುವೆ ಬೆಳಕು ತುಂಬಿಕೊಂಡಿತು. ಹಿಂಬದಿಯಿಂದ ಕುರಿ ಕಂಡಿತು. ಅದರ ಕೆಳಗೆ, ನೆಟ್ಟಗೆ: ಬಾಷಾ.

"ಯಾ ಅಲ್ಲಾ," ಎಂದರು ಸಾಬರು. ಅಂಥ ಮುಖವನ್ನು ಆಮೇಲೆ ನಾನು ಕಂಡದ್ದು ಕಡಿಮೆ.

ಈಗ ಸ್ಟೀಲ್ ಪಾತ್ರೆಗೆ ಕರೆಂಟಿನ ಪೆನ್ನು ಗುಂಯ್ ಎಂದು ಅರ್ಧ ನಿಮಿಷದಲ್ಲಿ ಹೆಸರು ಗೀಚುತ್ತದೆ. ನನ್ನ ಮೇಜಿನ ಮೇಲೆ ರೀಮುಗಟ್ಟಲೆ ಬಿಳೀ ಹಾಳೆ. ಯಾವುದನ್ನು ಬೆಳಕಿಗೆ ಹಿಡಿದರೂ ಯಾರ ಪಂಚೆಯೂ ಕಾಣುವುದಿಲ್ಲ. ಅಜ್ಜಿಯಿಲ್ಲ. ಸಿಸ್ಟರ್ ಬರೆಯುತ್ತಿದ್ದ ಕಾಗದಗಳೂ ಎಂದೋ ನಿಂತವು.

ಸಾಬರನ್ನು ಕೊನೆಯ ಸಲ ನೋಡಿದ್ದು ನನ್ನ ಮಗಳ ಮದುವೆಯ ಪಾತ್ರೆ ಕೊಳ್ಳಲು ಹೋದಾಗ. ಕೊರೆಯುವುದು ಬಿಟ್ಟಿದ್ದರು, ಕಣ್ಣಿಗೆ ಪೊರೆ ಬಂದಿತ್ತು. ಆ ಹಾಳೆ ಅಂಗಡಿಯ ಕಿಟಕಿ ಗಾಜಿಗೆ ಅಂಟಿತ್ತು, ಮುಖ ಬೀದಿಗೆ, ಬೆನ್ನು ಒಳಗೆ. ಬೀದಿಯವರಿಗೆ ಉಲ್ಟಾ, ಒಳಗೆ ಕೂತವರಿಗೆ ನೆಟ್ಟಗೆ.

"ಬೆಳಕೊಂದು ಕಾಣ್ತದೆ ಬೇಟಿ, ಕುರಿ ಕಾಣಕ್ಕಿಲ್ಲ," ಎಂದರು. "ಎಸ್ರು ಐತಾ?"

ನನ್ನ ಕಾನ್ವೆಂಟ್ ಕನ್ನಡ ಎಲ್ಲಿ ಹೋಯಿತೋ. "ಐತೆ ಸಾಬ್ರೇ," ಎಂದೆ. "ನೆಟ್ಟಗೇ ಐತೆ."