ಬದುಕಿದ್ದವರ ಪಾಪ ಎಣಿಸಿದ ಭೋಜನ್

ಕಡೆಹಟ್ಟಿಯ ಭೋಜನ್ ಅವರಿಗೆ ಎರಡು ಕೆಲಸ. ಒಂದು, ಮನೆಯ ಹಿಂದಿನ ತುಂಡು ತೋಟದಲ್ಲಿ ಚಹಾ ಎಲೆ ಕಿತ್ತು ಫ್ಯಾಕ್ಟರಿಯ ಲಾರಿಗೆ ಹಾಕುವುದು. ಇನ್ನೊಂದು, ಸತ್ತವರ ಪಾಪ ಎಣಿಸುವುದು. ಮೊದಲನೆಯದರಿಂದ ಹೊಟ್ಟೆ ತುಂಬುವುದಿಲ್ಲ, ಎರಡನೆಯದಕ್ಕೆ ಯಾರೂ ಏನೂ ಕೊಡುವುದಿಲ್ಲ. ಆದರೂ ಸುತ್ತಿನ ಹಟ್ಟಿಗಳಲ್ಲಿ ಅವರಿಗೆ ಗೌರವ ಇರುವುದು ಎರಡನೆಯದರಿಂದಲೇ. ಗೌರವ ಎಂದರೆ, ಕಾಯಿಲೆ ಬಿದ್ದವರನ್ನು ಸುಮ್ಮನೆ ನೋಡಿಕೊಂಡು ಬರಲು ಅವರು ಹೋದರೂ ಆ ಮನೆಯವರ ಮುಖ ಸಪ್ಪಗಾಗುತ್ತದೆ.

ನೀಲಗಿರಿಯ ಬಡಗರಲ್ಲಿ ಹಾಗೊಂದು ಪದ್ಧತಿ. ಹೆಣ ಎತ್ತುವ ಮೊದಲು ಹಿರಿಯನೊಬ್ಬ ತಲೆಯ ಬಳಿ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ನೆರೆದವರು ಪ್ರತಿಯೊಂದಕ್ಕೂ ‘ಅದು ಪಾಪ’ ಎಂದು ದನಿಗೂಡಿಸುತ್ತಾರೆ. ನಿಜವಾಗಿ ಮಾಡಿದ್ದರೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಎಲ್ಲರಿಗೂ ಅವೇ ಪಾಪಗಳು. ಕೊನೆಗೆ ‘ಎಲ್ಲ ಕಳೆತು’ ಎಂದು ಹಿರಿಯ ಹೇಳಿದರೆ ಮುಗಿಯಿತು. ಮತ್ತೆ ಯಾರೂ ಆ ತಪ್ಪನ್ನು ಎತ್ತಿ ಆಡುವಂತಿಲ್ಲ. ಎಣಿಸಿದವನಂತೂ ಮನಸ್ಸಿನಲ್ಲೂ ಇಟ್ಟುಕೊಳ್ಳುವಂತಿಲ್ಲ.

ಹೀಗೆ ಊರಿನವರ ಪಾಪವನ್ನೆಲ್ಲ ಕಳೆದ ಭೋಜನ್, ಒಬ್ಬರ ಪಾಪವನ್ನು ಮಾತ್ರ ಎದೆಯೊಳಗೆ ಜೋಪಾನವಾಗಿ ಕಾಪಾಡಿಕೊಂಡಿದ್ದರು. ಆ ಭಾಗ್ಯವಂತರು ಮಾಜಿ ಮಂತ್ರಿ ಧರ್ಮಲಿಂಗಂ, ಪಕ್ಕದ ಹಟ್ಟಿಯವರೇ. ಅಧಿಕಾರದಲ್ಲಿದ್ದಾಗ ಅವರು ಕಡೆಹಟ್ಟಿಗೆ ರಸ್ತೆ ಮಾಡಿಸುತ್ತೇನೆಂದು ಇಳಿಜಾರಿನ ಬುಡದಲ್ಲಿ ಶಂಕುಸ್ಥಾಪನೆಯ ಕಲ್ಲು ನೆಟ್ಟು, ಫೋಟೋ ತೆಗೆಸಿಕೊಂಡು ಹೋದರು. ಕಲ್ಲು ಇವತ್ತಿಗೂ ಗಟ್ಟಿಮುಟ್ಟಾಗಿದೆ. ರಸ್ತೆ ಬರಲಿಲ್ಲ. ಆಚೆ ವರ್ಷದ ಮಳೆಗಾಲದಲ್ಲಿ ಭೋಜನ್ ಅವರ ಹೆಂಡತಿ ಮಲ್ಲಿ ಎದೆನೋವಿನಿಂದ ನರಳಿದಾಗ ಕಂಬಳಿಯನ್ನು ಜೋಲಿ ಕಟ್ಟಿ ಹೊತ್ತು ಇಳಿಸಬೇಕಾಯಿತು. ಕೆಸರಿನಲ್ಲಿ ಜಾರುತ್ತ ಏಳುತ್ತ ಆ ಕಲ್ಲಿನ ಹತ್ತಿರ ಬಂದಾಗ ಆಂಬುಲೆನ್ಸ್ ಕಾಯುತ್ತಿತ್ತು. ಮಲ್ಲಿ ಕಾದಿರಲಿಲ್ಲ.

ಸಾವಿಗೆ ಧರ್ಮಲಿಂಗಂ ಬಂದರು. ಕುರ್ಚಿ ಹೋಗಿ ಎಷ್ಟೋ ಕಾಲವಾಗಿದ್ದರೂ ಅವರು ಯಾವ ಸಾವನ್ನೂ ತಪ್ಪಿಸಿದವರಲ್ಲ. ಮದುವೆಗೆ ಹೋಗದಿದ್ದರೆ ಜನ ಮರೆಯುತ್ತಾರೆ, ಸಾವಿಗೆ ಹೋಗದಿದ್ದರೆ ಮರೆಯುವುದಿಲ್ಲ ಎಂಬುದು ಅವರು ರಾಜಕೀಯದಲ್ಲಿ ಕಲಿತ ಪಾಠ. ಆ ದಿನ ಭೋಜನ್ ಅವರಿಗೆ ಬಾಯಿ ಏಳಲಿಲ್ಲ; ಬೇರೆ ಹಟ್ಟಿಯ ಹಿರಿಯರು ಬಂದು ಎಣಿಸಿದರು. ಪ್ರತಿ ಸಾಲಿಗೂ ಎಲ್ಲರಿಗಿಂತ ಗಟ್ಟಿಯಾಗಿ ‘ಅದು ಪಾಪ’ ಎಂದವರು ಧರ್ಮಲಿಂಗಂ. ಕೋಳಿಯನ್ನು ಕೂಡ ಗದರದ ಮಲ್ಲಿಯ ಪಾಪಕ್ಕೆ ಈ ಮನುಷ್ಯನ ಗಂಟಲೇ ಬೇಕಾಯಿತೇ ಎಂದು ಭೋಜನ್ ಹಲ್ಲು ಕಚ್ಚಿಕೊಂಡು ನಿಂತಿದ್ದರು.

ಅಂದಿನಿಂದ ಅವರಿಗಿದ್ದ ಆಸೆ ಒಂದೇ. ಆ ರಸ್ತೆಯ ವಿಷಯದಲ್ಲಿ ತಪ್ಪಾಯಿತು ಎಂಬ ಮಾತು ಧರ್ಮಲಿಂಗಂ ಬಾಯಿಂದ ನಾಲ್ಕು ಜನರೆದುರು ಒಮ್ಮೆ ಬರಬೇಕು. ಅಲ್ಲಿಯವರೆಗೆ ಇರಲಿ ಎಂದು, ಎಲೆಚೀಲ ಹೊತ್ತು ಇಳಿಯುವಾಗಲೆಲ್ಲ ಬಾಯಲ್ಲಿದ್ದ ತಾಂಬೂಲವನ್ನು ಆ ಕಲ್ಲಿಗೇ ಉಗಿಯುತ್ತಿದ್ದರು. ಮಂತ್ರಿಗಳ ಹೆಸರಿಗೆ ಬಳಿದಿದ್ದ ಚಿನ್ನದ ಬಣ್ಣ ಎಂದೋ ಹೋಗಿತ್ತು. ಭೋಜನ್ ಅವರ ದಯೆಯಿಂದ ಅಕ್ಷರಗಳು ಕೆಂಪಗೆ ಚೆನ್ನಾಗಿಯೇ ಕಾಣುತ್ತಿದ್ದವು.

ಹೀಗಿರುವಾಗ ಊಟಿಯಲ್ಲಿ ಹೊಸದಾಗಿ ತೆರೆದ ಒಂದು ಮ್ಯೂಸಿಯಮ್ಮಿನಿಂದ ಸಿಂಧುಜಾ ಎಂಬ ಹುಡುಗಿ ಹಟ್ಟಿಗೆ ಬಂದಳು. ಅಲ್ಲಿನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವಳು ಅವಳೇ. ಮಾಜಿ ನಾಯಕರನ್ನು ಕೂರಿಸಿ ಸಂವಾದ ನಡೆಸುತ್ತೇವೆ, ನಡುವೆ ನೀವೊಂದು ಹಳೆಯ ಹಾಡು ಹೇಳಬೇಕು ಎಂದಳು. ಭೋಜನ್ ತಲೆಯಾಡಿಸಲಿಲ್ಲ. ಯಾರು ಯಾರು ಬರುತ್ತಾರೆ ಎಂದು ಕೇಳಿದರು. ಹೆಸರು ಕೇಳಿದ ಕೂಡಲೇ ಕೊಯ್ಲಿನ ಹಾಡು ಹೇಳುತ್ತೇನೆಂದು ಒಪ್ಪಿಕೊಂಡರು.

ಮ್ಯೂಸಿಯಮ್ಮಿನಲ್ಲಿ ಒಂದು ಕಡೆ ಹಳೆಯ ನೇಗಿಲು, ಇನ್ನೊಂದು ಕಡೆ ತೂತು ಬಿದ್ದ ಹಿತ್ತಾಳೆ ಕೊಡ, ನಡುವೆ ಮಾಜಿಗಳು. ಧರ್ಮಲಿಂಗಂ ಪಕ್ಕದಲ್ಲಿ ಗೂಡಲೂರು ಕಡೆಯ ಮಾಜಿ ಪಂಚಾಯಿತಿ ಅಧ್ಯಕ್ಷ ಮುರಳೀಧರನ್. ಇಬ್ಬರಿಗೂ ಶಾಲು, ಮೊಣಕಾಲು ಮುಟ್ಟುವ ಹಾರ. ಎದುರಿಗೆ ದೀಪ, ಊದುಬತ್ತಿ. ಒಬ್ಬೊಬ್ಬರ ಮುಂದೆ ಒಂದೊಂದು ಮೈಕು. ಹಿಂದಿನ ಸಾಲುಗಳಲ್ಲಿ, ಊಟ ಇದೆ ಎಂದು ಕೇಳಿ ಬಂದಿದ್ದ ಕಡೆಹಟ್ಟಿಯವರು.

ಸಿಂಧುಜಾ ತಮಿಳಿನಲ್ಲಿ ಕೇಳಿದಳು: “ಇಷ್ಟು ವರ್ಷಗಳಲ್ಲಿ ಇದೊಂದು ಮಾಡದೆ ಉಳಿಯಿತು ಅಂತ ನಿಮಗೆ ಬೇಸರ ಇದೆಯಾ ಅಯ್ಯಾ?”

ಜನ ತಮ್ಮನ್ನು ಅರ್ಥ ಮಾಡಿಕೊಳ್ಳಲಿಲ್ಲ ಎಂಬುದೇ ಬೇಸರ ಎಂದರು ಮುರಳೀಧರನ್. ಧರ್ಮಲಿಂಗಂ ನೀರು ಕುಡಿದು, ಮೀಸೆ ಒರೆಸಿಕೊಂಡು, “ಎಷ್ಟು ಯೋಚಿಸಿದರೂ ಒಂದು ತಪ್ಪೂ ನೆನಪಿಗೆ ಬರೋದಿಲ್ಲಮ್ಮ” ಎಂದರು. ಚಪ್ಪಾಳೆ ಬಿತ್ತು. ಭೋಜನ್ ಅವರಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಸಿಂಧುಜಾ ಹಾಡಲು ಅವರನ್ನು ಕರೆದಳು.

ನಿಲ್ಲಲು ಜಾಗವಿದ್ದದ್ದು ನಾಯಕರ ಕುರ್ಚಿಗಳ ಹಿಂದೆ, ಸರಿಯಾಗಿ ತಲೆಯ ಬಳಿ. ಕೆಳಗೆ ನೋಡಿದರೆ ಹಾರ, ದೀಪ, ಹೊಗೆ. ಊಟದ ಹೊತ್ತು ಮೀರಿದ ಸುಸ್ತಿಗೆ ಕಣ್ಣು ಮುಚ್ಚಿ ಒರಗಿದ್ದ ಇಬ್ಬರು ಮುದುಕರು. ಬಾಯಿ ತಾನಾಗಿ ಆ ದಾರಿ ಹಿಡಿಯಿತು ಎಂದು ಭೋಜನ್ ಇವತ್ತಿಗೂ ಹೇಳುತ್ತಾರೆ. ನಂಬುವವರು ನಂಬಲಿ.

“ನೆರೆಯವನ ಬೇಲಿಯ ಸರಿಸಿದ,” ಎಂದು ಬಡಗ ಮಾತಿನಲ್ಲಿ ಶುರುವಾಯಿತು.

ಹಿಂದಿನ ಸಾಲಿನವರು ಒಂದು ಕ್ಷಣ ಬೆಚ್ಚಿದರು. ಆದರೆ ಅಭ್ಯಾಸ ಬಿಡಬೇಕಲ್ಲ. “ಅದು ಪಾಪ,” ಎಂದರು.

“ಬಾಯಾರಿ ಬಂದವಗ ನೀರು ಇಲ್ಲೆ ಎಂದ.”

“ಅದು ಪಾಪ.”

ಮುರಳೀಧರನ್ ಅವರಿಗೆ ಬಡಗ ಮಾತು ಬಾರದು. ತಮ್ಮನ್ನೇ ಹೊಗಳುತ್ತಿದ್ದಾರೆಂದು ಮೇಜಿನ ಮೇಲೆ ತಾಳ ಹಾಕತೊಡಗಿದರು. ಸಿಂಧುಜಾ ಖುಷಿಯಿಂದ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು. ಧರ್ಮಲಿಂಗಂ ಮುಚ್ಚಿದ ಕಣ್ಣು ತೆರೆಯದೆ, ತುಟಿ ಮಾತ್ರ ಆಡಿಸುತ್ತಿದ್ದರು.

ಆಗ ಭೋಜನ್ ಹಿರಿಯರಿಂದ ಕಲಿಯದ ಒಂದು ಸಾಲನ್ನು ಹೇಳಿದರು.

“ದಾರಿ ಮಾಡ್ತೆ ಎಂದು ಕಲ್ಲ ನೆಟ್ಟ. ದಾರಿ ಮಾಡದೆ ಹೋದ. ಹೊತ್ತು ಇಳಿಸುವಾಗ ಒಂದು ಜೀವ ಹೋತು.”

ಕಡೆಹಟ್ಟಿಯವರ ಬಾಯಿ ಕಟ್ಟಿತು. ಆ ಮೌನದಲ್ಲಿ ಒಂದೇ ದನಿ, ಮೈಕಿನೊಳಗಿಂದ, ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು.

“ಅದು ಪಾಪ.”

ಜೀವಮಾನವಿಡೀ ಸಾವಿನ ಮನೆಗಳಲ್ಲಿ ಮುಂದೆ ನಿಂತು ಪಳಗಿದ ಗಂಟಲು ಅದು. ಹೇಳಿಯಾದ ಮೇಲೆ ಧರ್ಮಲಿಂಗಂ ಕಣ್ಣು ತೆರೆದರು. ಮೈಕು ನೋಡಿದರು. ಕತ್ತು ತಿರುಗಿಸಿ ಭೋಜನ್ ಅವರನ್ನು ನೋಡಿದರು. ಮುರಳೀಧರನ್ ಅವರ ತಾಳ ಇನ್ನೂ ನಿಂತಿರಲಿಲ್ಲ.

ಧರ್ಮಲಿಂಗಂ ನಕ್ಕು ಮಾತು ತೇಲಿಸಿಬಿಡಬಹುದಿತ್ತು. ಆ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತು. ಹಾಗೆ ಮಾಡಲಿಲ್ಲ. ಮೈಕನ್ನು ಪಕ್ಕಕ್ಕೆ ತಳ್ಳಿ, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದರು: “ಮುಗಿಸಿ ಬಿಡು, ಭೋಜಣ್ಣ. ನಡುವೆ ನಿಲ್ಲಿಸಬೇಡ.”

ಭೋಜನ್ ಅವರಿಗೆ ಆಗ ಹೊಳೆಯಿತು. ಬೇಕಾದ ಮಾತು ಸಿಕ್ಕಿತ್ತು, ನಾಲ್ಕು ಜನರೆದುರೇ ಸಿಕ್ಕಿತ್ತು. ಆದರೆ ಅದರ ಹಿಂದೆಯೇ ತಾವು ಹೇಳಬೇಕಾದ ಇನ್ನೊಂದು ಮಾತು ಕಾದು ನಿಂತಿತ್ತು. ಕ್ಷಮಿಸಲು ಅವರು ಬಂದಿರಲಿಲ್ಲ. ಈ ಕೋಪವೊಂದನ್ನು ಬಿಟ್ಟರೆ ಮಲ್ಲಿಯ ಹೆಸರಿನಲ್ಲಿ ತಮ್ಮ ಬಳಿ ಉಳಿಯುವುದಾದರೂ ಏನು ಎಂದು ಅವರಿಗೆ ಭಯವಾಯಿತು. ಆದರೆ ಎಣಿಸಿದ ಪಾಪವನ್ನು ಕಳೆಯದೆ ಬಿಟ್ಟ ಹಿರಿಯ ಅವರ ಹಟ್ಟಿಯಲ್ಲಿ ಹುಟ್ಟಿರಲಿಲ್ಲ.

“ಎಲ್ಲ ಕಳೆತು,” ಎಂದರು.

ಚಪ್ಪಾಳೆ ಜೋರಾಗಿ ಬಿತ್ತು. ಇಂಥ ಕೊಯ್ಲಿನ ಹಾಡು ತಾನು ಕೇಳಿಯೇ ಇರಲಿಲ್ಲ ಎಂದು ಸಿಂಧುಜಾ ಕಣ್ಣೊರೆಸಿಕೊಂಡಳು. ಕಾರು ಹತ್ತುವ ಮೊದಲು ಧರ್ಮಲಿಂಗಂ ಭೋಜನ್ ಅವರ ಕೈ ಹಿಡಿದುಕೊಂಡರು. ಆಮೇಲೆ ಹಳೆಯ ಚಾಳಿ ತಡೆಯಲಾಗದೆ, “ರಸ್ತೆ ವಿಷಯ ಈಗಿನವರಿಗೆ ಒಂದು ಮಾತು ಹೇಳುವೆ,” ಎಂದರು.

ಸಂಜೆ ಬಸ್ಸಿಳಿದು ಭೋಜನ್ ಇಳಿಜಾರಿನ ಬುಡಕ್ಕೆ ಬಂದಾಗ ಬಾಯಿ ತುಂಬ ತಾಂಬೂಲವಿತ್ತು. ಅಭ್ಯಾಸದಂತೆ ಕಲ್ಲಿನ ಮುಂದೆ ನಿಂತರು. ಕತ್ತು ಚಾಚಿದರು. ಆಗಲಿಲ್ಲ. ನಿಂತಲ್ಲೇ ಕಣ್ಣು ತುಂಬಿ ಬಂತು. ಕೊನೆಗೆ ಪಕ್ಕದ ಚಹಾ ಗಿಡದ ಬುಡಕ್ಕೆ ಉಗಿದು, ಬಾಯಿ ಒರೆಸಿಕೊಂಡು, ಅದೇ ಕೆಸರು ದಾರಿಯಲ್ಲಿ ಮನೆಯ ಕಡೆ ಹತ್ತತೊಡಗಿದರು.