ಹಸಿ ಬಣ್ಣಕ್ಕೆ ಹಾಕಿದ ಸಹಿ

ಅಮೆರಿಕದವರು ನಮ್ಮ ದೇಶದ ಸರಕಿನ ಮೇಲೆ ಸುಂಕ ಏರಿಸಿದ ಸುದ್ದಿ ಬಂದ ದಿನ ನಮ್ಮ ಕಾರ್ಖಾನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಡೋದರಾದ ಮಕರಪುರದಲ್ಲಿ ಬೆಳಿಗ್ಗೆ ಹುಟ್ಟಿದ ಸುದ್ದಿ ಸಂಜೆಯ ಚಹಾದ ಹೊತ್ತಿಗೆ ಹಳತಾಗುತ್ತದೆ. ನಾವು ಮಾಡುತ್ತಿದ್ದದ್ದು ನೀರು, ಎಣ್ಣೆ ಹರಿಯುವ ದೊಡ್ಡ ಕೊಳವೆಗಳಿಗೆ ಕೂರಿಸುವ ಉಕ್ಕಿನ ವಾಲ್ವುಗಳನ್ನು. ನಾನು ಅಲ್ಲಿ ಗುಣಮಟ್ಟ ಪರೀಕ್ಷಿಸುವವಳು. ನನ್ನ ಸಹಿ ಇಲ್ಲದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿರಲಿಲ್ಲ. ಆ ಅಧಿಕಾರದ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಕೆಲವೇ ದಿನಗಳಲ್ಲಿ ಸುಂಕವನ್ನು ಇನ್ನೂ ಏರಿಸುವ ಮಾತು ಬಂತು. ನಾವು ಮತ್ಯಾವುದೋ ದೇಶದಿಂದ ಎಣ್ಣೆ ಕೊಳ್ಳುತ್ತೇವೆಂಬ ಸಿಟ್ಟಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಕ್ಯಾಂಟೀನಿನಲ್ಲಿ ಹಿಂದಿಗೆ ತಿರುಗಿಸಿ ಹೇಳಿ ಎಲ್ಲರನ್ನೂ ನಗಿಸಿದೆ. ಮರುದಿನ ಮಾಲೀಕರು ಅಹಮದಾಬಾದಿನಿಂದ ಬಂದು ನಿಂತಾಗ ನಗುವವರು ಯಾರೂ ಇರಲಿಲ್ಲ. ನಮ್ಮ ಅರ್ಧದಷ್ಟು ಮಾಲು ಹೋಗುತ್ತಿದ್ದದ್ದು ಅಮೆರಿಕದ ಒಬ್ಬನೇ ಗಿರಾಕಿಗೆ. ಹಡಗು ಹತ್ತುವುದಕ್ಕೆ ಒಂದು ಗಡುವು, ಆಚೆ ದಡ ಮುಟ್ಟುವುದಕ್ಕೆ ಇನ್ನೊಂದು. ಎರಡನ್ನೂ ಪಾಲಿಸಿದ ಮಾಲಿಗೆ ಹಳೆಯ ಸುಂಕ, ಒಂದು ತಪ್ಪಿದರೂ ಹೊಸದು. ಈ ಕಂತಿನ ಮಾಲು ಸಮಯಕ್ಕೆ ಮುಟ್ಟಿದರೆ ವರ್ಷದ ಆರ್ಡರ್ ಉಳಿಯುತ್ತದೆ, ಇಲ್ಲದಿದ್ದರೆ ಮೊದಲು ಮುಚ್ಚುವುದು ಬಣ್ಣದ ವಿಭಾಗ, ಬಣ್ಣವನ್ನು ಹೊರಗೆ ಗುತ್ತಿಗೆಗೆ ಕೊಟ್ಟರೆ ಅಗ್ಗ ಎಂದರು ಮಾಲೀಕರು. ಬಣ್ಣ ಹೊಡೆಯುವ ಕಾಕಾ ಮೂಲೆಯಲ್ಲಿ ನಿಂತು ಅದನ್ನು ಕೇಳುತ್ತಿದ್ದರು.

ಬಣ್ಣದ ವಿಭಾಗವೆಂದರೆ ಕಾಕಾ. ಕೈಕೆಳಗೆ ಗುತ್ತಿಗೆಯವರು ಬರುತ್ತಿದ್ದರು, ಹೋಗುತ್ತಿದ್ದರು. ಖಾಯಂ ನೌಕರ ಅವರೊಬ್ಬರೇ. ಐವತ್ತಾರು ವಯಸ್ಸು, ನಿವೃತ್ತಿಗೆ ಇನ್ನೆರಡು ವರ್ಷ. ಸ್ಪ್ರೇ ಗನ್ನಿನ ಕುದುರೆ ಒತ್ತಿ ಒತ್ತಿ ಅವರ ಬಲಗೈ ತೋರುಬೆರಳು ಬಾಗಿಹೋಗಿತ್ತು, ಊಟ ಮಾಡುವಾಗಲೂ ನೆಟ್ಟಗಾಗುತ್ತಿರಲಿಲ್ಲ. ಇಲ್ಲಿಂದ ಹೊರಬಿದ್ದರೆ ಆ ಬೆರಳಿಗೆ, ಆ ವಯಸ್ಸಿಗೆ ಇನ್ನೊಂದು ಕೆಲಸ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಬೆನ್, ಸುಂಕ ಕಟ್ಟುವವರು ಅಲ್ಲಿಯವರು ತಾನೇ? ನಾವ್ಯಾಕೆ ಓಡಬೇಕು?" ಎಂದು ಅವರು ಅಂದು ನನ್ನನ್ನು ಕೇಳಿದರು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ, ತಂಗಿ ಎಲ್ಲ. ಅವರಿಗೆ ನಾನು ಮಗಳ ವಯಸ್ಸಿನವಳು.

"ಕಟ್ಟುವವನು ಅಲ್ಲಿಯ ಗಿರಾಕಿಯೇ, ಕಾಕಾ. ಆದರೆ ನಮ್ಮ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಒಪ್ಪದಿದ್ದರೆ ಸುಂಕ ಕಡಿಮೆ ಇರುವ ಬೇರೆ ದೇಶದಿಂದ ತರಿಸುತ್ತಾನೆ."

"ಹಾಗಾದರೆ ಅಲ್ಲಿಯವರಿಗಾದರೂ ಲಾಭವಾಯಿತಲ್ಲ."

"ಎಲ್ಲಿಯ ಲಾಭ? ಅಲ್ಲೂ ವಾಲ್ವು ತುಟ್ಟಿ."

ಕಾಕಾ ತಲೆಯಾಡಿಸಿದರು. ಇಬ್ಬರೂ ಸೋಲುವ ಇಂಥ ಜಗಳ ನಮ್ಮ ಓಣಿಯಲ್ಲೂ ಇದೆ, ಆದರೆ ಅಲ್ಲಿ ಮೂರನೆಯವನ ಕೆಲಸ ಹೋಗುವುದಿಲ್ಲ ಎಂದರು.

ಗಡುವಿನ ವಾರ ಮಳೆ ಹಿಡಿದುಕೊಂಡಿತು. ನಮ್ಮ ಬಣ್ಣಕ್ಕೆ ಮಳೆಗಾಲವೆಂದರೆ ಆಗದು. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಬಣ್ಣದ ಕೊನೆಯ ಕೋಟು ಬಿದ್ದದ್ದು ಗುರುವಾರ ಬೆಳಿಗ್ಗೆ. ಸೂರತ್ತಿನ ಆಚೆ ಹಜೀರಾ ಬಂದರಿಗೆ ಲಾರಿ ಹೊರಡಬೇಕಾದದ್ದು ಶುಕ್ರವಾರ ಮಧ್ಯಾಹ್ನ. ಶನಿವಾರ ಬೆಳಿಗ್ಗೆ ಆ ಹಡಗಿಗೆ ಮಾಲು ತೆಗೆದುಕೊಳ್ಳುವುದು ನಿಲ್ಲುತ್ತದೆ. ಪ್ಲಾಸ್ಟಿಕ್ ಸುತ್ತುವವರು ಶುಕ್ರವಾರ ಊಟ ಬಿಟ್ಟು ಕಾಯುತ್ತ ನಿಂತಿದ್ದರು.

ಕಾಕಾ ಒಂದು ವಾಲ್ವಿನ ಅಡಿಭಾಗದಲ್ಲಿ ಹೆಬ್ಬೆರಳು ಒತ್ತಿ ತೆಗೆದರು. ನೀಲಿ ಬಣ್ಣದ ಮೇಲೆ ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದವು. "ಹಜೀ ಕಾಚುಂ ಛೇ, ಬೆನ್. ಇನ್ನೂ ಹಸಿ. ಎರಡು ದಿನ ಬೇಕು," ಎಂದರು. ಬಣ್ಣದ ಕಾರ್ಡು ಅವರ ಕೈಯಲ್ಲಿತ್ತು. ಮೊದಲು ಬಣ್ಣ ಹೊಡೆದವನ ಸಹಿ, ಅದರ ಕೆಳಗೆ ಪರೀಕ್ಷಿಸಿದವರ ಸಹಿ, ಅದು ನಮ್ಮಲ್ಲಿನ ಕ್ರಮ. ಅವರು ಸಹಿ ಹಾಕಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಅವರು ಬಾಗಲಕೋಟೆ ಕಡೆಯವರು, ಗದಗಿನವಳಾದ ನನಗೆ ಈ ಕೆಲಸ ಕೊಡಿಸಿದವರು. ಕೆಲಸದಲ್ಲಿ ನಾವು ಹಿಂದಿಯನ್ನೇ ಆಡುತ್ತಿದ್ದೆವು. ಸುತ್ತಲಿನವರಿಗೆ ಗೊತ್ತಾಗಬಾರದ ಮಾತಿದ್ದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದೆವು. ಆ ದಿನ ಅವರು ಬಂದದ್ದೇ ಕನ್ನಡದಲ್ಲಿ.

"ಎರಡ್ ದಿನಾ ಎಲ್ಲಿಂದ ತರೂದು? ಹಡಗ ನಮ್ಮ ಸಲುವಾಗಿ ಕಾಯ್ತದೇನು? ಸಹಿ ಹಾಕು."

"ಬಣ್ಣ ಹಸಿ ಅದ ಸರ್. ಪ್ಲಾಸ್ಟಿಕ್ ಸುತ್ತಿದ್ರ ಹತ್ಕೊಂಡ್ ಕೂಡ್ತದ. ನಾಳೆ ಅಲ್ಲಿ ಪೆಟಗಿ ತೆಗದ್ರ ನನ್ನ ಕುತ್ತಿಗಿಗೇ ಬರೂದು."

"ನಿನಗ್ಯಾಕ ಬರ್ತದ? ಮೊದ್ಲ ಅವನ ಸಹಿ ತಗೋ. ಏನರ ಆದ್ರ ಬಣ್ಣದವನ ತಪ್ಪು ಅಂತ ಬರದ್ರಾತು."

"ಹಂಗಂತ ಈಗ ಹೇಳ್ತೀರಿ! ಆಮ್ಯಾಲ ಮಾಲೀಕರ ಮುಂದ ನನ್ನ ಹೆಸರ ಬಂದ್ರ? ನಾ ಎಲ್ಲಿಗೆ ಹೋಗ್ಲಿ? ನನ್ನ ಹೆಸರ ಬರಂಗಿಲ್ಲ ಅಂತ ಇಲ್ಲೇ ಮಾತು ಕೊಡ್ರಿ!"

ನನ್ನ ದನಿ ಎತ್ತರಕ್ಕೆ ಹೋಗಿತ್ತು. ಸಿಟ್ಟು ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಾಕಾನ ಕಡೆ ಬೆರಳು ತೋರಿಸಿದೆ, ಕಾರ್ಡಿನ ಕಡೆ ತೋರಿಸಿದೆ, ಮೇಜು ಕುಟ್ಟಿದೆ. ಪ್ಲಾಸ್ಟಿಕ್ಕಿನವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕೊನೆಗೆ ಮ್ಯಾನೇಜರ್ "ಆತು ಮಾರಾಯ್ತಿ, ನಿನ್ನ ಹೆಸರ ಬರಂಗಿಲ್ಲ" ಎಂದರು. ನಾನು ಕಾಕಾನ ಕಡೆ ತಿರುಗಿ ಹಿಂದಿಯಲ್ಲಿ, "ಹಾಕಿ ಕಾಕಾ, ನಾನಿದ್ದೇನೆ" ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬಾಗಿದ ಬೆರಳಿನಲ್ಲಿ ಪೆನ್ನು ಹಿಡಿದು ಸಹಿ ಹಾಕಿದರು. ಅದರ ಕೆಳಗೆ ನಾನೂ ಹಾಕಿದೆ.

ಲಾರಿಯವನು ಭರೂಚಿನ ಸೇತುವೆಯ ಹತ್ತಿರ ವಾಹನಗಳ ನಡುವೆ ಸಿಕ್ಕಿಕೊಂಡು ಮೂರು ಸಲ ಫೋನು ಮಾಡಿದ. ಫತೇಗಂಜಿನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಪ್ರತಿ ಸಲವೂ ಬೈದೆ, ನನ್ನ ಬೈಗುಳದಿಂದ ಟ್ರಾಫಿಕ್ ಸರಿಯುತ್ತದೆಂಬಂತೆ. ಮಾಲು ಸಮಯಕ್ಕೆ ಹಡಗು ಹತ್ತಿತು. ಸೋಮವಾರ ಮ್ಯಾನೇಜರ್ ಎಲ್ಲರಿಗೂ ಜಿಲೇಬಿ, ಫಾಫ್ಡಾ ಹಂಚಿದರು.

ಆಮೇಲಿನ ವಾರಗಳು ಕೆಟ್ಟವು. ಮೊಬೈಲಿನಲ್ಲಿ ಹಡಗು ಎಲ್ಲಿದೆ ಎಂದು ನೋಡುವುದೇ ನನ್ನ ಕೆಲಸವಾಯಿತು. ಕೊಲಂಬೊದಲ್ಲಿ ಮಾಲನ್ನು ದೊಡ್ಡ ಹಡಗಿಗೆ ಬದಲಾಯಿಸಬೇಕಿತ್ತು. ಗಡುವಿಗೆ ಹೆದರಿ ಎಲ್ಲರೂ ಒಂದೇ ಸಲಕ್ಕೆ ಮಾಲು ಕಳಿಸಿದ್ದರಿಂದ ಅಲ್ಲಿ ಜಾಗವಿರಲಿಲ್ಲ. ನಮ್ಮ ಕಂಟೇನರು ಬಿಸಿಲಿನಲ್ಲಿ ಕಾಯುತ್ತ ಕೂತಿತು. ಮಕರಪುರದಲ್ಲಿ ಒಂದೊಂದೇ ಕಾರ್ಖಾನೆ ಎರಡನೇ ಪಾಳಿ ನಿಲ್ಲಿಸಿತು. ಕಾಕಾ ದಿನಾ ಬೆಳಿಗ್ಗೆ ಬಂದು "ಪಹೋಂಚಾ ಕ್ಯಾ, ಬೆನ್? ಮುಟ್ಟಿತಾ?" ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಕೊನೆಗೆ ಮಾಲು ದಡ ಮುಟ್ಟಿದ್ದು ಎರಡನೇ ಗಡುವು ಮುಗಿದ ಮೇಲೆ. ಹೊಸ ಸುಂಕ ಬಿತ್ತು. ಅದನ್ನು ನೀವೇ ಹೊರಿ ಎಂದ ಗಿರಾಕಿ. ನಮ್ಮ ಮಾಲೀಕರು ಅರ್ಧ ಹೊರಲು ಒಪ್ಪುವುದರಲ್ಲಿದ್ದಾಗ ಅವನು ಪೆಟ್ಟಿಗೆ ತೆರೆದ. ಫೋಟೋಗಳು ಬಂದವು. ಪ್ಲಾಸ್ಟಿಕ್ ಎಳೆದರೆ ಬಣ್ಣ ಸಿಪ್ಪೆಯಂತೆ ಜೊತೆಗೇ ಬಂದಿತ್ತು. ಅವನಿಗೆ ಬೇಕಾಗಿದ್ದದ್ದು ಒಂದು ನೆಪ, ನಾವೇ ಪ್ಯಾಕ್ ಮಾಡಿ ಕಳಿಸಿಕೊಟ್ಟಿದ್ದೆವು. ಸುಂಕದಿಂದ ಹೋಯಿತೆನ್ನಿ, ಬಣ್ಣದಿಂದ ಹೋಯಿತೆನ್ನಿ, ಅಳಿಯ ಅಲ್ಲ ಮಗಳ ಗಂಡ. ಆರ್ಡರ್ ಹೋಯಿತು.

ಕಾರಣ ಏನೆಂಬ ವರದಿ ಬರೆಯುವುದು ನನ್ನ ಕೆಲಸ. ಕಂಪ್ಯೂಟರಿನ ಮುಂದೆ ಒಂದಿಡೀ ಮಧ್ಯಾಹ್ನ ಕೂತೆ. ನನಗೆ ಹೆದರಿಕೆಯಾಗಿತ್ತು, ಬೇರೇನೂ ಅಲ್ಲ. ಯಾವ ಕಾರ್ಖಾನೆಯೂ ಆಗ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ, ಗದಗಿಗೆ ಬರಿಗೈಯಲ್ಲಿ ಹೋಗುವ ಧೈರ್ಯ ನನಗಿರಲಿಲ್ಲ. "ಒಣಗುವ ಅವಧಿಯನ್ನು ಬಣ್ಣದ ವಿಭಾಗ ಪಾಲಿಸಿಲ್ಲ" ಎಂದು ಬರೆದೆ. ಮ್ಯಾನೇಜರ್ ಓದಿ, ಒಂದು ಅಲ್ಪವಿರಾಮ ಸೇರಿಸಿ ಕಳಿಸಿದರು.

ಮೂವರಿಗೂ ಅಹಮದಾಬಾದಿನಿಂದ ಕರೆ ಬಂತು. ಮುಖ್ಯ ಕಚೇರಿ ಇದ್ದದ್ದು ನವರಂಗಪುರದಲ್ಲಿ, ಎರಡನೇ ಮಹಡಿ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಕೆಳಗಿದ್ದ ನನ್ನ ಸಹಿಗೆ, ಮೇಲೆ ಒಣಗಿದಂತೆ ಕಂಡು ಮೋಸ ಹೋದಳು ಎಂದು ಮ್ಯಾನೇಜರ್ ಮೊದಲೇ ಸಮಜಾಯಿಷಿ ಕೊಟ್ಟಿದ್ದರು. ಮಾಲೀಕರು ಬಣ್ಣದ ಕಾರ್ಡನ್ನು ಮೇಜಿನ ಮೇಲೆ ಇಟ್ಟು, ಮೇಲಿನ ಈ ಸಹಿ ಯಾರದು ಎಂದು ಕೇಳಿದರು.

"ನನ್ನದೇ, ಸಾಹೇಬ್."

"ಹಸಿ ಇದೆ ಎಂದು ಗೊತ್ತಿರಲಿಲ್ಲವೇ? ಯಾರಾದರೂ ಒತ್ತಾಯ ಮಾಡಿದರೇ?"

ಮ್ಯಾನೇಜರ್ ತಮ್ಮ ವಾಚು ನೋಡಿಕೊಂಡರು. ಈಗ ಕಾಕಾ ಹೇಳುತ್ತಾರೆ, ಈ ಹುಡುಗಿಯೇ ಹಾಕಿ ಎಂದಳು ಎನ್ನುತ್ತಾರೆ ಎಂದು ಕಾದೆ. ಹೇಳಿದರೆ ನನ್ನ ಕೆಲಸ ಅಲ್ಲೇ ಮುಗಿಯುತ್ತಿತ್ತು.

"ಇಲ್ಲ ಸಾಹೇಬ್. ನಾನೇ ಹಾಕಿದ್ದು," ಎಂದರು ಕಾಕಾ.

ಹತ್ತು ನಿಮಿಷವೂ ಆಗಲಿಲ್ಲ. ತಿಂಗಳ ಕೊನೆಗೆ ಬಣ್ಣದ ವಿಭಾಗ ಮುಚ್ಚುವುದು, ಕಾಕಾ ಬರುವುದು ಬೇಡ ಎಂದು ತೀರ್ಮಾನವಾಯಿತು. ಮ್ಯಾನೇಜರ್ ಮಾಲೀಕರ ಜೊತೆ ಒಳಗೇ ಉಳಿದರು. ನಾವಿಬ್ಬರು ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಕಾಲೇಜು ಬಿಟ್ಟ ಹೊತ್ತು, ಆಟೋಗಳೆಲ್ಲ ತುಂಬಿ ಹೋಗುತ್ತಿದ್ದವು. ನನಗೆ ತಡೆಯಲಾಗಲಿಲ್ಲ, ಕೇಳಿಬಿಟ್ಟೆ.

"ಸಹಿ ಹಾಕಿ ಎಂದವಳು ನಾನು. ಯಾಕೆ ಹೇಳಲಿಲ್ಲ, ಕಾಕಾ?"

ಅವರಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿದಂತೆ ಕಂಡಿತು. "ನಿಮ್ಮ ಹೆಸರು ಹೇಗೆ ಹೇಳಲಿ? ಆ ದಿನ ನನ್ನ ಸಲುವಾಗಿ ಸಾಹೇಬರ ಜೊತೆ ಎಷ್ಟು ಜಗಳವಾಡಿದಿರಿ! ನಿಮ್ಮ ಭಾಷೆ ತಿಳಿಯಲಿಲ್ಲ, ಆದರೆ ಕಣ್ಣಿಗೆ ಕಂಡಿತಲ್ಲ. ಇಷ್ಟು ವರ್ಷದಲ್ಲಿ ನನಗಾಗಿ ಯಾರೂ ಮೇಜು ಕುಟ್ಟಿರಲಿಲ್ಲ, ಬೆನ್. ನನ್ನ ಜೊತೆ ನಿಮ್ಮದೂ ಯಾಕೆ ಹೋಗಬೇಕು?"

ಖಾಲಿ ಆಟೋ ಒಂದು ಬಂದು ನಿಂತಿತು. ನಾನು ಬಗ್ಗಿ, ಸ್ಟೇಷನ್ನಿಗೆ ಎಷ್ಟು ತಗೋತೀಯ ಎಂದು ಆಟೋದವನನ್ನು ಕೇಳಿದೆ.